ನೀಲಿ ಟ್ಯಾಗ್ ಇದ್ದರೂ ಶೇಂಗಾ ಅರ್ಧ ಹುಟ್ಟಲಿಲ್ಲ: ತಪ್ಪು ಬೀಜದ್ದೇ?

ಚಳ್ಳಕೆರೆ ತಾಲ್ಲೂಕಿನ ರೈತ ಮಹಿಳೆಯೊಬ್ಬರು ಬರೆದ ಪತ್ರದ ಸಾರ ಹೀಗಿದೆ:

“ನಮ್ಮದು ನಾಲ್ಕು ಎಕರೆ ಕೆಂಪು ಜಮೀನು, ಮಳೆಯನ್ನೇ ನಂಬಿದ್ದು. ಜೂನ್ ಎರಡನೇ ವಾರದಲ್ಲಿ ಟಿಎಂವಿ-2 ತಳಿಯ ಶೇಂಗಾ ಕಾಯಿ, 30 ಕೆ.ಜಿ.ಯ ಒಂಬತ್ತು ಚೀಲ ತಂದೆವು. ಚೀಲಕ್ಕೆ ಪ್ರಮಾಣಿತ ಬೀಜದ ನೀಲಿ ಟ್ಯಾಗ್ ಇತ್ತು. ಜೊತೆಗಿದ್ದ ಹಸಿರು ಚೀಟಿಯಲ್ಲಿ ಮೊಳಕೆ ಕನಿಷ್ಠ ಶೇ 70 ಎಂದು ಬರೆದಿತ್ತು. ಎಂಟು ಚೀಲಗಳನ್ನು ಮಿಷನ್‌ನಲ್ಲಿ ಒಡೆಸಿ ತಂದೆವು. ಮಳೆ ಹಿಂದಕ್ಕೆ ಹೋಯಿತು, ಒಡೆದ ಬೀಜ ಹದಿನೈದು ದಿನ ಮನೆಯಲ್ಲೇ ಉಳಿಯಿತು. ಒಡೆದ ಬೀಜ ಮಳೆಗೆ ಕಾಯಬಾರದು ಎಂದು ಅತ್ತೆ ಗೊಣಗುತ್ತಲೇ ಇದ್ದರು. ಆರಿದ್ರಾ ಮಳೆಯ ಕೊನೆಗೆ ಹದ ಸಿಕ್ಕಿತು, ಡಿಎಪಿ ಗೊಬ್ಬರದ ಜೊತೆಗೇ ಕೂರಿಗೆಯಲ್ಲಿ ಬಿತ್ತಿದೆವು. ಇಂದಿಗೆ ಹದಿಮೂರು ದಿನ, ಅರ್ಧದಷ್ಟೂ ಹುಟ್ಟಿಲ್ಲ. ಅದೇ ಲಾಟ್ (ಒಂದೇ ಕಂತಿನ) ಬೀಜ ಒಯ್ದ ಊರಿನ ಇನ್ನಿಬ್ಬರಲ್ಲಿ ಒಬ್ಬರ ಹೊಲ ಚೆನ್ನಾಗಿದೆ, ಇನ್ನೊಬ್ಬರದು ನಮ್ಮ ಹಾಗೆಯೇ. ಬೀಜ ಕೊಟ್ಟವರು ‘ಮಳೆ ಸರಿ ಇಲ್ಲ, ಬೀಜದ್ದೇನೂ ತಪ್ಪಿಲ್ಲ’ ಎನ್ನುತ್ತಾರೆ. ಊರಲ್ಲಿ ‘ದುಡ್ಡು ಕೊಟ್ಟರೆ ಟ್ಯಾಗ್ ಸಿಗುತ್ತದೆ’ ಎನ್ನುತ್ತಾರೆ. ದೂರು ಕೊಡಬೇಕೇ? ಮತ್ತೆ ಬಿತ್ತಬೇಕೇ? ಬರುವ ವರ್ಷ ನಮ್ಮ ಬೀಜ ನಾವೇ ಇಟ್ಟುಕೊಳ್ಳುವುದು ಮೇಲೇ? ಒಡೆಸದ ಒಂದು ಚೀಲ ಮತ್ತು ಬಿತ್ತಿ ಉಳಿದ ಒಂದೆರಡು ಸೇರು ಬೀಜ ಮನೆಯಲ್ಲಿದೆ.”

ಉತ್ತರ:

ಪತ್ರವನ್ನು ಎರಡು ಸಲ ಓದಿದೆ, ನೀವು ಕಳುಹಿಸಿದ ಟ್ಯಾಗಿನ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಪ್ರಶ್ನೆ ಮೂರಿದ್ದರೂ ಒಳಗಿನ ಸಂಕಟ ಒಂದೇ: ಚೀಟಿ ನಂಬಿ ಕೆಟ್ಟೆವೇ? ದಾವಣಗೆರೆಯಲ್ಲಿ ಕುಳಿತು ನಾನು ಹೌದು ಎಂದರೂ ಅಲ್ಲ ಎಂದರೂ ಅದು ಊಹೆಯೇ. ಆದರೆ ನೀವು ಕಂಡುಕೊಳ್ಳಬಹುದು. ಬೀಜದ ದೂರು ಹೊತ್ತು ಬರುವ ನೂರರಲ್ಲಿ ತೊಂಬತ್ತು ಜನರ ಬಳಿ ಇಲ್ಲದ ವಸ್ತು ನಿಮ್ಮ ಮನೆಯಲ್ಲಿದೆ, ಅದು ಒಡೆಸದ ಆ ಚೀಲ. ಅದನ್ನು ಮಾರಬೇಡಿ, ಹುರಿಯಬೇಡಿ, ಸದ್ಯಕ್ಕೆ ಬಾಯಿಯ ಹೊಲಿಗೆಯನ್ನೂ ಬಿಚ್ಚಬೇಡಿ. ಖಾಲಿಯಾದ ಎಂಟು ಚೀಲಗಳು, ಅವುಗಳ ಟ್ಯಾಗ್, ರಸೀದಿ ಎಲ್ಲವನ್ನೂ ಒಂದು ಕಡೆ ಕಟ್ಟಿಡಿ.

ಮೊದಲು ಊರಿನ ಮಾತು. ದುಡ್ಡು ಕೊಟ್ಟರೆ ಟ್ಯಾಗ್ ಸಿಗುತ್ತದೆ ಎನ್ನುವುದರಲ್ಲಿ ಅರ್ಧ ಸತ್ಯವಿದೆ, ಪ್ರಮಾಣೀಕರಣಕ್ಕೆ ಶುಲ್ಕ ಇದ್ದೇ ಇದೆ. ಆದರೆ ಬರೀ ಶುಲ್ಕಕ್ಕೆ ಟ್ಯಾಗ್ ಬರುವುದಿಲ್ಲ. ಬೀಜೋತ್ಪಾದನೆ ಮಾಡುವ ರೈತ ಪ್ರಮಾಣನ ಸಂಸ್ಥೆಯಲ್ಲಿ ಹೊಲ ನೋಂದಾಯಿಸಬೇಕು, ಬಿತ್ತಿದ ಮೂಲ ಬೀಜದ ಟ್ಯಾಗ್ ತೋರಿಸಬೇಕು. ಶೇಂಗಾ ಹೊಲಕ್ಕೆ ಕನಿಷ್ಠ ಎರಡು ಸಲ ತಪಾಸಣೆ ಆಗುತ್ತದೆ. ಪಕ್ಕದ ಬೇರೆ ತಳಿಯಿಂದ 3 ಮೀಟರ್ ಅಂತರ ಇರಬೇಕು, ಬೆರಕೆ ಗಿಡ ಶೇ 0.2ನ್ನು ದಾಟಬಾರದು. ಕೊಯ್ಲಾಗಿ ಸಂಸ್ಕರಣೆ ಮುಗಿದ ಮೇಲೆ ಮಾದರಿ ಪ್ರಯೋಗಾಲಯಕ್ಕೆ ಬರುತ್ತದೆ. ಅಲ್ಲಿ ಭೌತಿಕ ಶುದ್ಧತೆ ಶೇ 96, ತೇವಾಂಶ ಹೆಚ್ಚೆಂದರೆ ಶೇ 9, ಮೊಳಕೆ ಶೇ 70 ಮುಟ್ಟಿದರೆ ಮಾತ್ರ ಟ್ಯಾಗ್ ಹೊಲಿದು ಸೀಲ್ ಹಾಕುತ್ತಾರೆ. ಪ್ರಯೋಗಾಲಯದ ಸೇವೆಯಲ್ಲಿದ್ದಾಗ ನಾನೇ ಮೊಳಕೆ ಸಾಲದೆಂದು ಬರೆದು ಕಳುಹಿಸಿದ ಲಾಟ್‌ಗಳು ಒಂದೆರಡಲ್ಲ.

ಮೋಸ ನಡೆಯುವುದೇ ಇಲ್ಲ ಎಂದು ಹೇಳುತ್ತಿಲ್ಲ. ನಾನು ಕಂಡ ಮೋಸಗಳು ಹೆಚ್ಚಾಗಿ ಟ್ಯಾಗ್ ಹೊಲಿದ ಮೇಲಿನವು. ಒಮ್ಮೆ ನನ್ನ ಮೇಜಿಗೆ ಬಂದ ಚೀಲದ ನೀಲಿ ಟ್ಯಾಗಿನಲ್ಲಿ ಸೂಜಿಯ ತೂತು ಎರಡು ಸಾಲಿದ್ದವು. ಒಂದು ಸಾಲಿನಲ್ಲಿ ದಾರವಿತ್ತು, ಅದರ ಕೆಳಗಿನ ಸಾಲು ಖಾಲಿ. ಅಂದರೆ ಯಾರೋ ಹೊಲಿಗೆ ಬಿಚ್ಚಿ, ಒಳಗಿನದನ್ನು ಬದಲಾಯಿಸಿ, ಮತ್ತೆ ಹೊಲಿದಿದ್ದರು. ನಿಮ್ಮ ಫೋಟೊದಲ್ಲಿ ತೂತು ಒಂದೇ ಸಾಲಿದೆ, ಸೀಲ್ ಕೂಡ ಸರಿಯಾಗಿದೆ. ಉಳಿದ ಎಂಟನ್ನೂ ಹೀಗೆಯೇ ನೋಡಿ. ಈಚೆಗೆ ಟ್ಯಾಗಿನಲ್ಲಿ ಕ್ಯೂಆರ್ ಕೋಡ್ ಬರುತ್ತಿದೆ. 2023ರಲ್ಲಿ ಆರಂಭವಾದ ‘ಸಾಥಿ’ ಎಂಬ ಕೇಂದ್ರದ ವ್ಯವಸ್ಥೆಯಲ್ಲಿ ಲಾಟಿನ ಜಾತಕ ಮೊಬೈಲ್‌ನಲ್ಲೇ ತೆರೆದುಕೊಳ್ಳುತ್ತದೆ. ಕೋಡ್ ಇದ್ದರೆ ಬಳಸಿ, ಸೂಜಿಯ ತೂತನ್ನೂ ನೋಡಿ.

ಇನ್ನೊಂದು ತಪ್ಪು ತಿಳಿವಳಿಕೆ ಹಸಿರು ಚೀಟಿಯದು. ನಿಮ್ಮ ಚೀಲದಲ್ಲಿ ನೀಲಿಯ ಜೊತೆಗಿದ್ದ ಹಸಿರು ಚೀಟಿ ಉತ್ಪಾದಕರದು. ಬರೀ ಹಸಿರು ಚೀಟಿ ಇರುವುದು ನಿಜಚೀಟಿ ಬೀಜ, ಅದರ ಗುಣಮಟ್ಟಕ್ಕೆ ಮಾರುವ ಕಂಪನಿಯೇ ಹೊಣೆ. 1966ರ ಬೀಜ ಕಾಯ್ದೆಯಲ್ಲಿ ಅಧಿಸೂಚಿತ ತಳಿಗಳಿಗೆ ಚೀಟಿ ಕಡ್ಡಾಯ, ಪ್ರಮಾಣೀಕರಣ ಐಚ್ಛಿಕ. ದಾವಣಗೆರೆ ಕಡೆಯ ಮೆಕ್ಕೆಜೋಳದ ಖಾಸಗಿ ಹೈಬ್ರಿಡ್‌ಗಳು ಬಹುಪಾಲು ಹಸಿರು ಚೀಟಿಯವೇ. ಹಸಿರು ಎಂದರೆ ನಕಲಿ ಅಲ್ಲ, ನೀಲಿ ಎಂದರೆ ಇಳುವರಿಯ ಗ್ಯಾರಂಟಿಯೂ ಅಲ್ಲ.

ಈಗ ಆ ‘ಶೇ 70’. ನಿಮ್ಮ ಚೀಲದಲ್ಲಿ ನೂರಕ್ಕೆ ಎಪ್ಪತ್ತು ಹುಟ್ಟುತ್ತವೆ ಎಂದು ಅದು ಹೇಳುತ್ತಿಲ್ಲ. ಇದಕ್ಕಿಂತ ಕಡಿಮೆ ಇದ್ದರೆ ಬೀಜವೆಂದು ಮಾರುವಂತಿಲ್ಲ ಎಂಬ ಗೆರೆ ಅದು. 71 ಬಂದ ಲಾಟಿಗೂ 88 ಬಂದ ಲಾಟಿಗೂ ಅದೇ 70 ಅಚ್ಚಾಗುತ್ತದೆ. ನಿಮ್ಮದು ಗೆರೆಯಂಚಿನದೋ ಮೇಲಿನದೋ ಚೀಟಿಯಿಂದ ತಿಳಿಯುವುದಿಲ್ಲ. ಇದು ಈ ವ್ಯವಸ್ಥೆಯ ದೊಡ್ಡ ಕೊರತೆ ಎಂದು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ. ಮೆಕ್ಕೆಜೋಳದ ಹೈಬ್ರಿಡ್‌ಗೆ ಶೇ 90, ಭತ್ತಕ್ಕೆ ಶೇ 80 ಇರುವಾಗ ಶೇಂಗಾಕ್ಕೆ 70 ಏಕೆ ಎಂದು ನೀವು ಕೇಳಬಹುದು. ಶೇಂಗಾ ಎಣ್ಣೆಯ ಬೀಜ, ಕಾಳಿನ ಮೇಲಿನ ಸಿಪ್ಪೆ ಕಾಗದದಷ್ಟು ತೆಳು. ಸೆಕೆಗೆ, ಪೆಟ್ಟಿಗೆ ಬೇಗ ಸೋಲುವ ಜಾತಿ.

ಟ್ಯಾಗಿನಲ್ಲಿ ಇನ್ನೆರಡು ಸಂಗತಿಗಳನ್ನು ಓದಬೇಕು, ಯಾರೂ ಓದುವುದಿಲ್ಲ. ಲಾಟ್ ಸಂಖ್ಯೆಯ ಮೊದಲ ಭಾಗ ಕೊಯ್ಲಿನ ತಿಂಗಳು ಮತ್ತು ವರ್ಷ. ನಿಮ್ಮದು ಕಳೆದ ನವೆಂಬರ್‌ನ ಬೆಳೆ. ಪರೀಕ್ಷೆ ಆದದ್ದು ಮಾರ್ಚ್‌ನಲ್ಲಿ. ಅಲ್ಲಿಂದ ಒಂಬತ್ತು ತಿಂಗಳು ಅವಧಿ ಎಂದು ಡಿಸೆಂಬರ್‌ವರೆಗೆ ಬರೆದಿದ್ದಾರೆ. ಆದರೆ ಒಂಬತ್ತು ತಿಂಗಳು ಕಾನೂನಿನ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಚಳ್ಳಕೆರೆಯ ತಗಡಿನ ಗೋದಾಮಿನೊಳಗೆ ಒಮ್ಮೆ ಹೋಗಿ ನಿಂತರೆ ಬೀಜದ ಲೆಕ್ಕ ಬೇರೆ ಎಂದು ಗೊತ್ತಾಗುತ್ತದೆ. ಮಾರ್ಚ್‌ನಲ್ಲಿ 72 ಇದ್ದದ್ದು ಜೂನ್‌ಗೆ 60ಕ್ಕೆ ಇಳಿದಿರಬಹುದು, ಚೀಟಿ ಮಾತ್ರ ಬದಲಾಗಿರುವುದಿಲ್ಲ. ಆದ್ದರಿಂದ ‘ಟ್ಯಾಗ್ ಇದೆ, ಬೀಜದ್ದೇನೂ ತಪ್ಪಿಲ್ಲ’ ಎಂಬ ಮಾತನ್ನು ನೀವು ಒಪ್ಪಬೇಕಾಗಿಲ್ಲ.

ಅಷ್ಟೇ ನೇರವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಂದು ಕಾಳನ್ನು ಅಂಗೈ ಮೇಲಿಟ್ಟು ನೋಡಿ. ಒಂದು ತುದಿ ದುಂಡಗೆ, ಇನ್ನೊಂದು ತುದಿ ಸಣ್ಣ ಮೂತಿಯಂತೆ ಚೂಪಾಗಿರುತ್ತದೆ. ಉಗುರಿನಿಂದ ಕೆಂಪು ಸಿಪ್ಪೆ ತೆಗೆದು ಕಾಳನ್ನು ಮೆಲ್ಲಗೆ ಎರಡು ಹೋಳು ಮಾಡಿದರೆ ಆ ಮೂತಿಯ ಹತ್ತಿರ ಅಕ್ಕಿಯ ನುಚ್ಚಿನಷ್ಟು ದೊಡ್ಡ ಅಂಕುರ ಕಾಣುತ್ತದೆ. ಗಿಡವಾಗುವುದು ಅದೇ, ಉಳಿದದ್ದೆಲ್ಲ ಅದರ ಬುತ್ತಿ. ಒಡೆಯುವ ಮಿಷನ್‌ನ ಜಾಲರಿ ಕಾಯಿಯ ಗಾತ್ರಕ್ಕೆ ಸರಿಹೊಂದದಿದ್ದರೆ ಪೆಟ್ಟು ಬೀಳುವುದು ಆ ಮೂತಿಗೇ. ಕಾಳು ಇಡಿಯಾಗಿಯೇ ಕಾಣುತ್ತದೆ, ನೆನೆದ ಮೇಲೆ ಉಬ್ಬುತ್ತದೆ ಕೂಡ, ಬೇರು ಮಾತ್ರ ಬರುವುದಿಲ್ಲ. ಎಣ್ಣೆ ಮಿಲ್ಲಿಗೆ ಕಾಯಿ ಒಡೆಯುವವರು ಕಾಳು ಹೋಳಾಗದಿರಲಿ ಎಂದು ಕಾಯಿಗೆ ನೀರು ಚಿಮುಕಿಸುವುದುಂಟು. ಎಣ್ಣೆಗೆ ಅದರಿಂದ ನಷ್ಟವಿಲ್ಲ, ಬೀಜಕ್ಕೆ ಅದು ವಿಷ. ನೀರು ಹೊಡೆದು ಒಡೆದ ಕಾಳನ್ನು ಹದಿನೈದು ದಿನ ಚೀಲದಲ್ಲಿ ಕಟ್ಟಿಟ್ಟರೆ ಅದು ಒಳಗೊಳಗೇ ಬಿಸಿಯೇರಿ ಬೂಸು ಹಿಡಿಯುತ್ತದೆ. ನಿಮ್ಮದನ್ನು ಹಾಗೆ ಒಡೆದರೇ? ಮಿಷನ್‌ನವರನ್ನು ಕೇಳಿ. ನಿಮ್ಮ ಅತ್ತೆಯವರು ಗೊಣಗಿದ್ದು ಸರಿಯಾಗಿಯೇ ಇತ್ತು, ತಾಯಿ. ಕಾಯಿಯ ಸಿಪ್ಪೆಗಿಂತ ಒಳ್ಳೆಯ ಗೋದಾಮು ಶೇಂಗಾ ಬೀಜಕ್ಕಿಲ್ಲ.

ಮೂರನೆಯ ಅನುಮಾನ ಡಿಎಪಿ ಮೇಲೆ. ಗೊಬ್ಬರ ಬೀಜಕ್ಕೆ ತಾಗಿ ಬಿದ್ದು, ಹದ ಅರೆಬರೆ ಇದ್ದರೆ, ಎಳೆ ಬೇರು ಸುಟ್ಟಂತಾಗುತ್ತದೆ. ಬೀಜದಿಂದ ಎರಡು ಬೆರಳು ಪಕ್ಕಕ್ಕೆ, ಒಂದಿಷ್ಟು ಕೆಳಕ್ಕೆ ಬೀಳಬೇಕು.

ಹಾಗಾದರೆ ಇಷ್ಟರಲ್ಲಿ ಯಾವುದು? ಹೊಲವನ್ನೇ ಕೇಳಿ. ನಾಳೆ ಬೆಳಿಗ್ಗೆ ಕಳೆ ತೆಗೆಯುವ ಕುರ್ಚಿಗೆಯೊಂದನ್ನು ಹಿಡಿದು, ಗಿಡ ಇಲ್ಲದ ಕಡೆ ಸಾಲಿನುದ್ದಕ್ಕೆ ಒಂದು ಮೀಟರ್ ಮಣ್ಣು ಕೆದಕಿ, ಸಿಕ್ಕ ಬೀಜಗಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಕಾಳು ಉಬ್ಬಿ, ಬೇರಿಲ್ಲದೆ ಮೆತ್ತಗಾಗಿದ್ದರೆ ಅದು ಸತ್ತ ಬೀಜ ಅಥವಾ ಮೂತಿಗೆ ಪೆಟ್ಟು ಬಿದ್ದದ್ದು. ಬೇರು ಬಂದು ತುದಿ ಕಂದಾಗಿ ಒಣಗಿದ್ದರೆ ಗೊಬ್ಬರವನ್ನು ಶಂಕಿಸಿ. ಮೊಳಕೆ ಮೇಲೆ ಬರುವ ದಾರಿಯಲ್ಲಿ ಕತ್ತಿನ ಹತ್ತಿರ ಕಪ್ಪು ಮಸಿಯಂಥ ಬೂಸು ಕಂಡರೆ ಅದು ಕತ್ತು ಕೊಳೆ ರೋಗ, ಬೀಜೋಪಚಾರ ಮಾಡದ ಹೊಲದಲ್ಲಿ ಸಾಮಾನ್ಯ. ಮೊಳಕೆ ಬಿಳಿ ದಾರದಂತೆ ಸುತ್ತಿಕೊಂಡು ಮಣ್ಣಿನ ಹೆಪ್ಪಿನ ಕೆಳಗೆ ನಿಂತಿದ್ದರೆ ಬೀಜ ಚೆನ್ನಾಗಿತ್ತು, ಆಳ ಹೆಚ್ಚಾಯಿತು. ಬೀಜವೇ ಸಿಗದಿದ್ದರೆ ಇರುವೆ, ಗೆದ್ದಲು, ಇಲ್ಲವೇ ಕೂರಿಗೆಯ ಬಟ್ಟಲಲ್ಲಿ ಬೀಜ ಬೀಳಲೇ ಇಲ್ಲ. ಐದು ಕಡೆ ಹೀಗೆ ಮಾಡಿ, ಫೋಟೊ ತೆಗೆಯಿರಿ. ಚೆನ್ನಾಗಿ ಹುಟ್ಟಿದ ಆ ಪಕ್ಕದವರು ಕಾಯಿಯನ್ನು ಕೈಯಲ್ಲಿ ಸುಲಿದರೇ, ಯಾವತ್ತು ಬಿತ್ತಿದರು, ಗೊಬ್ಬರ ಹೇಗೆ ಹಾಕಿದರು ಎಂಬುದನ್ನೂ ವಿಚಾರಿಸಿ. ಒಂದೇ ಲಾಟ್, ಒಂದೇ ಮಳೆ, ಎರಡು ಫಲ. ಮಳೆಯ ಮೇಲೆ ಹೊರಿಸುವ ಮಾತು ಅಲ್ಲಿಗೇ ಸಡಿಲವಾಗುತ್ತದೆ.

ಆಮೇಲೆ ಮುಖ್ಯ ಪರೀಕ್ಷೆ. ಅದಕ್ಕೆ ಮೊದಲು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇಂದೇ ಆದರೆ ಒಳ್ಳೆಯದು, ಏಕೆಂದರೆ ಹೊಲದ ಸಾಕ್ಷಿ ದಿನದಿನಕ್ಕೆ ಅಳಿಯುತ್ತದೆ. ಬೆಳೆ ಕೆಟ್ಟದ್ದಕ್ಕೆ ಬೀಜ ಕಾರಣ ಎಂದು ರೈತ ಬರೆದುಕೊಟ್ಟರೆ, ಸರ್ಕಾರದ ಬೀಜ ಪರಿವೀಕ್ಷಕರು ಚೀಟಿ, ಚೀಲ, ಉಳಿದ ಬೀಜದ ಮಾದರಿಯನ್ನು ವಶಕ್ಕೆ ಪಡೆದು ಆ ಲಾಟಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ ಕಾರಣ ತನಿಖೆ ಮಾಡಬೇಕು. 1968ರ ಬೀಜ ನಿಯಮಗಳಲ್ಲಿ 23-ಎ ಎಂದು ಇದಕ್ಕೆಂದೇ ಒಂದು ನಿಯಮವಿದೆ, ದೂರಿನಲ್ಲಿ ಅದನ್ನು ಹೆಸರಿಸಿ. ನಿಮ್ಮಷ್ಟಕ್ಕೆ ನೀವೇ ಪ್ರಯೋಗಾಲಯಕ್ಕೆ ಬೀಜ ಕಳುಹಿಸಬಹುದು. ಆದರೆ ಆ ವರದಿ ನೀವು ಕೊಟ್ಟ ಪೊಟ್ಟಣಕ್ಕಷ್ಟೇ ಅನ್ವಯಿಸುತ್ತದೆ, ಎದುರಾಳಿ ವಕೀಲ ಅದನ್ನು ಒಂದೇ ಮಾತಿನಲ್ಲಿ ಕೊಡವಿಹಾಕುತ್ತಾನೆ. ಪರಿವೀಕ್ಷಕರು ತೆಗೆದ ಮಾದರಿಗೆ ಬೆಲೆ. ಹೊಲ ನೋಡಲು ಬಂದವರು ಪಂಚನಾಮೆಯಲ್ಲಿ ‘ಮೊಳಕೆ ಕಡಿಮೆ’ ಎಂದಷ್ಟೇ ಬರೆದು ಹೋಗಲು ಬಿಡಬೇಡಿ. ಅದು ಎಲ್ಲರಿಗೂ ಕಣ್ಣಿಗೆ ಕಾಣುವುದೇ. ಕೆದಕಿದ ಬೀಜ ಯಾವ ಸ್ಥಿತಿಯಲ್ಲಿತ್ತು, ಹತ್ತು ಮೀಟರ್ ಸಾಲಿನಲ್ಲಿ ಎಷ್ಟು ಗಿಡ ಎಂಬುದು ದಾಖಲಾಗಬೇಕು. ಕೃಷಿ ವಿಜ್ಞಾನ ಕೇಂದ್ರದ ಅಥವಾ ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಯೊಬ್ಬರನ್ನು ಕರೆಸಲು ಅರ್ಜಿಯಲ್ಲೇ ಕೇಳಿ.

ಪರಿವೀಕ್ಷಕರು ಒಡೆಸದ ಚೀಲ ಬಿಚ್ಚಿ ಮಾದರಿ ತೆಗೆದ ಮೇಲೆ, ಅವರೆದುರಿಗೇ ಎರಡು ಬೊಗಸೆ ಕಾಯಿ ನೀವು ಇಟ್ಟುಕೊಳ್ಳಿ. ಅದನ್ನು ಕೈಯಲ್ಲಿ ಸುಲಿದು, ಆರಿಸದೆ, ಬಂದಂತೆ 100 ಕಾಳು ಎಣಿಸಿ. ಮಿಷನ್‌ನಲ್ಲಿ ಒಡೆದು ಉಳಿದ ಬೀಜದಲ್ಲೂ ಹಾಗೆಯೇ 100 ಎಣಿಸಿ. ಆರಿಸಬಾರದು ಎಂದದ್ದು ಮುಖ್ಯ. ಚೆಂದದ ಕಾಳಿಗೆ ಕೈ ತಾನಾಗಿಯೇ ಹೋಗುತ್ತದೆ, ನಲವತ್ತು ವರ್ಷದ ಅನುಭವಿಯ ಕೈಯೂ ಹೋಗುತ್ತದೆ. ಪ್ರಯೋಗಾಲಯದಲ್ಲಿ ನಾವು 400 ಕಾಳನ್ನು ನೂರು ನೂರರಂತೆ ಒದ್ದೆ ಕಾಗದದಲ್ಲಿ ಸುತ್ತಿ, ನಿಂತ ಸುರುಳಿಗಳಾಗಿ ಮೊಳಕೆ ಕೋಣೆಯಲ್ಲಿ ಇಡುತ್ತೇವೆ. ನಿಮಗೆ ತೊಳೆದ ಗೋಣಿತಟ್ಟು ಸಾಕು. ನೀರಲ್ಲಿ ಅದ್ದಿ ಹಿಂಡಿ, ಹತ್ತು ಸಾಲು ಹತ್ತು ಕಾಳು ಇಟ್ಟು, ಸಡಿಲವಾಗಿ ಸುತ್ತಿ ನೆರಳಲ್ಲಿ ಇಡಿ. ತೇವ ಆರಬಾರದು, ನೀರು ನಿಲ್ಲಲೂಬಾರದು. ಐದನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ ಬಿಚ್ಚಿ ಎಣಿಸಿ.

ಎಣಿಕೆಯಲ್ಲೇ ರೈತರೂ ನಾವೂ ಬೇರೆಯಾಗುವುದು. ಮೂತಿ ಬಾಯಿ ಬಿಟ್ಟದ್ದನ್ನೆಲ್ಲ ನೀವು ಹುಟ್ಟಿತು ಎನ್ನುತ್ತೀರಿ. ನಾವು ನೇರ ಬೇರು, ಗಟ್ಟಿ ಕಾಂಡ, ನಡುವೆ ಆರೋಗ್ಯದ ಸುಳಿ ಮೂರೂ ಇದ್ದದ್ದನ್ನು ಮಾತ್ರ ಎಣಿಸುತ್ತೇವೆ. ಬೇರು ಮೊಂಡಾದದ್ದು, ಕಾಂಡ ಸೀಳಿದ್ದು, ಸುಳಿ ಕೊಳೆತದ್ದು ವಿಕೃತ ಸಸಿ ಎಂದು ಹೊರಗೆ. ನೀವೂ ಹಾಗೆಯೇ ಎಣಿಸಿ. ಇಲ್ಲದಿದ್ದರೆ ತಟ್ಟಿನಲ್ಲಿ 85 ಬಂದದ್ದು ಹೊಲದಲ್ಲಿ 60 ಆದಾಗ ಮತ್ತೆ ನನಗೆ ಪತ್ರ ಬರೆಯುತ್ತೀರಿ.

ಎರಡು ಸುರುಳಿಯ ಲೆಕ್ಕ ಜೊತೆಗಿಟ್ಟರೆ ಉತ್ತರ ಎದುರಿಗೆ ಬರುತ್ತದೆ. ಕೈಯಲ್ಲಿ ಸುಲಿದದ್ದು 75, ಮಿಷನ್‌ನದು 45 ಎಂದು ಬಂದರೆ ಲಾಟ್ ಚೆನ್ನಾಗಿತ್ತು, ಕೆಟ್ಟದ್ದು ಒಡೆಸಿದ ಮೇಲೆ. ಆಗ ಬೀಜ ಕೊಟ್ಟವರ ಮೇಲೆ ಮೊಕದ್ದಮೆ ಹೂಡಿ ಓಡಾಡುವುದು ವ್ಯರ್ಥ, ನಾನಾಗಿದ್ದರೆ ದೂರನ್ನು ಮುಂದುವರಿಸುತ್ತಿರಲಿಲ್ಲ. ಎರಡೂ ನಲವತ್ತರ ಆಸುಪಾಸು ಬಂದರೆ ನಿಮ್ಮ ದೂರಿಗೆ ಬೆನ್ನೆಲುಬು ಇದೆ. ಎರಡೂ ಎಪ್ಪತ್ತು ದಾಟಿದರೆ ಗೊಬ್ಬರ, ಆಳ, ರೋಗದ ಕಡೆ ತಿರುಗಿ. ನನ್ನ ಅಂದಾಜು ಮೊದಲನೆಯದರ ಕಡೆಗಿದೆ, ಆದರೆ ನಿಮ್ಮಂತೆಯೇ ಕೆಟ್ಟ ಇನ್ನೊಬ್ಬರ ಹೊಲ ಇರುವುದರಿಂದ ಪಣ ಕಟ್ಟುವುದಿಲ್ಲ. ಅವರೂ ಅದೇ ಮಿಷನ್‌ಗೆ ಹೋಗಿದ್ದರೇ ಕೇಳಿ ನೋಡಿ.

ದೂರು ಗಟ್ಟಿ ಎಂದಾದರೆ ಪರಿಹಾರ ಎಲ್ಲಿ? ಬೀಜ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 500 ರೂಪಾಯಿವರೆಗೆ. 1966ರಲ್ಲಿ ಅದು ದೊಡ್ಡ ಮೊತ್ತವಿತ್ತೇನೋ! ಅಲ್ಲದೆ ದಂಡ ಹೋಗುವುದು ಸರ್ಕಾರಕ್ಕೆ, ನಿಮಗಲ್ಲ. ನಿಮ್ಮ ನಷ್ಟಕ್ಕೆ ಇರುವ ದಾರಿ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬೀಜವೆಲ್ಲ ಬಿತ್ತಿಬಿಟ್ಟ ರೈತ ಪರೀಕ್ಷೆಗೆ ಮಾದರಿ ತರಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಬೀಳುವುದಿಲ್ಲ ಎಂದೂ ಹೇಳಿದೆ. ಎರಡು ವರ್ಷದೊಳಗೆ ಹಾಕಬೇಕು. ಕೊಂಡ ಸರಕಿನ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ತೊಂದರೆ ಎಂದರೆ ಕಾಲ. ಈ ಹಂಗಾಮಿನ ಸಾಲ ತೀರಿಸಲು ಆ ಹಣ ಬರುತ್ತದೆಂದು ನೆಚ್ಚಿಕೊಳ್ಳಬೇಡಿ.

ಮತ್ತೆ ಬಿತ್ತುವ ಮಾತು ಪರೀಕ್ಷೆಗೆ ಕಾಯುವುದಿಲ್ಲ. 30 ಸೆಂ.ಮೀ. ಸಾಲಿನಲ್ಲಿ 10 ಸೆಂ.ಮೀ.ಗೊಂದು ಬೀಜ ಎಂದರೆ ಹತ್ತು ಮೀಟರ್‌ಗೆ 100. ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ. ನನ್ನ ಲೆಕ್ಕದಲ್ಲಿ 55 ದಾಟಿದ್ದರೆ ಬೆಳೆ ಹಾಗೆಯೇ ಬಿಡಿ, ಜಾಗ ಸಿಕ್ಕ ಗಿಡ ಹರಡಿಕೊಂಡು ಸ್ವಲ್ಪ ತುಂಬಿಕೊಡುತ್ತದೆ. 40ರಿಂದ 55 ಇದ್ದರೆ ಗೊಂದಲದ ಜಾಗ. ಸಂದು ತುಂಬುವುದಕ್ಕೆ ಈಗಾಗಲೇ ತಡವಾಗಿದೆ, ಹಿಂದೆ ಹುಟ್ಟಿದ ಗಿಡ ಕೀಳುವ ಹೊತ್ತಿಗೆ ಬಲಿಯದೆ ಜೊಳ್ಳು ಕಾಯಿ ಹೆಚ್ಚುತ್ತದೆ. ನಾನಾದರೆ ಬೋಳಾದ ಪಟ್ಟಿಗಳಲ್ಲಿ ಮಾತ್ರ ಹುರುಳಿಯನ್ನೋ ಸಜ್ಜೆಯನ್ನೋ ಹಾಕುತ್ತೇನೆ. 40ಕ್ಕಿಂತ ಕಡಿಮೆ ಇದ್ದರೆ ಕೆಡಿಸಿ ಬಿತ್ತುವುದೇ ಸರಿ, ಆದರೆ ಪಂಚನಾಮೆ ಆದ ಮೇಲೆ. ಪರಿವೀಕ್ಷಕರು ಬರುವುದು ತಡವಾದರೆ ಕಾಲು ಎಕರೆಯನ್ನಾದರೂ ಹಾಗೆಯೇ ಬಿಡಿ. ಶೇಂಗಾಕ್ಕೆ ಜುಲೈ ಕೊನೆಯವರೆಗೆ ಅವಕಾಶವಿದೆ, ಪುಷ್ಯ ಮಳೆ ಹಿಡಿಯಬೇಕಷ್ಟೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಿಮ್ಮದೊಂದು. ಎರಡನೇ ಸಲ ಶೇಂಗಾ ಬೀಜಕ್ಕೆ ಸಾಲ ಮಾಡುವ ಬದಲು ನವಣೆ, ಸಾವೆಯಂಥ ಕಡಿಮೆ ಖರ್ಚಿನ ಬೆಳೆಯೇ ಲೇಸು ಎಂದು ನನಗನ್ನಿಸುತ್ತದೆ.

ಕೊನೆಯದಾಗಿ ಸ್ವಂತ ಬೀಜ. ಶೇಂಗಾ ತನ್ನ ಹೂವಿನಲ್ಲೇ ತಾನು ಕಾಯಿ ಕಟ್ಟುವ ಬೆಳೆ. ಮೆಕ್ಕೆಜೋಳದ ಹೈಬ್ರಿಡ್‌ನಂತೆ ಮರುವರ್ಷ ಗುಣ ಒಡೆದುಹೋಗುವುದಿಲ್ಲ, ಆದ್ದರಿಂದ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ. ಅಪಾಯ ಇರುವುದು ಬೆರಕೆಯಲ್ಲಿ ಮತ್ತು ಒಣಗಿಸುವುದರಲ್ಲಿ. ಬೀಜಕ್ಕೆಂದು ಒಂದು ಮೂಲೆ ಗುರುತಿಸಿ, ಹೂವಿನ ಹೊತ್ತಿನಲ್ಲಿ ಒಮ್ಮೆ, ಕೀಳುವ ಮುಂಚೆ ಒಮ್ಮೆ ಓಡಾಡಿ ಬೇರೆ ಥರದ ಗಿಡ, ರೋಗದ ಗಿಡ ಕಿತ್ತುಹಾಕಿ. ಕಾಯಿ ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಎನ್ನುವವರೆಗೆ ಒಣಗಿಸಿ. ಹೊಸ ಗೋಣಿಚೀಲದಲ್ಲಿ, ಗೋಡೆಗೆ ತಾಗದಂತೆ, ಹಲಗೆಯ ಮೇಲೆ, ಕಾಯಿಯಾಗಿಯೇ ಇಡಿ. ರೋಹಿಣಿ ಮಳೆಗೆ ಮೊದಲು ತಟ್ಟಿನ ಪರೀಕ್ಷೆ ಮಾಡಿ. 60 ಬಂದರೆ ಬೀಜ ಹೆಚ್ಚಿಗೆ ಹಾಕಿ, 50ಕ್ಕಿಂತ ಇಳಿದರೆ ಎಣ್ಣೆಗೆ ಕಳುಹಿಸಿ. ಸುಲಿಯುವುದು ಹದ ಬಿದ್ದ ಮೇಲೆ, ಕೈಯಲ್ಲಿ. ಕೂಲಿ ಹೆಚ್ಚು ಎನ್ನುತ್ತೀರಿ, ಗೊತ್ತು. ಒಂದು ಎಕರೆ ಮತ್ತೆ ಬಿತ್ತುವ ಖರ್ಚಿನ ಪಕ್ಕದಲ್ಲಿ ಆ ಕೂಲಿಯನ್ನು ಬರೆದು ನೋಡಿ. ಬಿತ್ತುವ ಮುಂಚೆ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮ (ಕೊಳೆ ರೋಗ ತಡೆಯುವ ಜೈವಿಕ ಪುಡಿ) ಲೇಪಿಸಿ, ಸಿಪ್ಪೆ ಏಳದಂತೆ ಮೆಲ್ಲಗೆ.

ಹತ್ತನೇ ದಿನದ ಎರಡೂ ಲೆಕ್ಕಗಳನ್ನು ಬರೆದು ಕಳುಹಿಸಿ. ಸುರುಳಿ ಬಿಚ್ಚಿದ ಕೂಡಲೇ, ಒಂದನ್ನೂ ಎತ್ತುವ ಮೊದಲು ಫೋಟೊ ತೆಗೆದುಬಿಡಿ. ವಿಕೃತ ಸಸಿಗಳ ಫೋಟೊ ಬೇರೆಯಾಗಿ, ಬೇರಿನ ತುದಿ ಕಾಣುವಂತೆ.